ಮೂರು ಪಾಯಿಂಟ್ ಎರಡು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅಕ್ಕಲಕೋಟೆಯ ಅರ್ಧ ಊರು ಗುರುತು ಹಿಡಿಯುತ್ತದೆ. ಅಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವರು, ಬಸ್ ಡಿಪೋದಲ್ಲಿ ಪಾನಾ ಹಿಡಿದವರು ಬಹಳಷ್ಟು ಜನ ಅವರ ಕೈಯಲ್ಲಿ ಕಲಿತವರೇ. ಡೀಸೆಲ್ ಮೆಕ್ಯಾನಿಕ್ ಕೆಲಸ ಕಲಿಸುವ ಮಾಸ್ತರಾಗಿ ಮೂವತ್ತು ವರ್ಷ ದುಡಿದು ಕಳೆದ ತಿಂಗಳು ನಿವೃತ್ತರಾದರು. ಎಲ್ಲರಿಗೂ ಅವರು ಸರ್, ನನಗೂ ಸರ್. ಸಮಾರಂಭದಲ್ಲಿ ನಾನೂ ಎರಡು ಮಾತು ಆಡಬೇಕೆಂದು ಅವರ ಸಹೋದ್ಯೋಗಿಯೊಬ್ಬರು ಫೋನು ಮಾಡಿದ್ದರು. ಎರಡು ಹಾಳೆ ಬರೆದುಕೊಂಡು ಹೋಗಿದ್ದೆ, ಓದಲಿಲ್ಲ. ಅದರಲ್ಲಿ ಬರೆಯದೆ ಬಿಟ್ಟದ್ದೇ ಹೆಚ್ಚಿತ್ತು. ಅದಕ್ಕೇ ಈಗ ಮತ್ತೆ ಬರೆಯಲು ಕೂತಿದ್ದೇನೆ.

ನಾನು ಸೊಲ್ಲಾಪುರದ ಒಂದು ಮೋಟಾರ್ ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರಿಗೆ ಕಾರು ಕಲಿಸುತ್ತೇನೆ. ತವರು ಗಡಿಯ ಕನ್ನಡದ ಊರು ದುಧನಿ. ಏಳನೆಯವರೆಗೆ ಓದಿದ್ದು ಕನ್ನಡದಲ್ಲಿ, ಆಮೇಲೆಲ್ಲ ಮರಾಠಿ. ಗಂಡ ಟವೆಲ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ನೋಡಿಕೊಳ್ಳುತ್ತಾರೆ. ಮಗಳೊಬ್ಬಳಿದ್ದಾಳೆ. ಕೆಲವು ವರ್ಷಗಳ ಹಿಂದೆ ನಮ್ಮ ಸ್ಕೂಲಿನ ಮಾಲಕರು ಒಂದು ಸಿಮ್ಯುಲೇಟರ್ ತರಿಸಿದರು. ಒಂದು ಕುರ್ಚಿ, ಸ್ಟೀರಿಂಗ್, ಮೂರು ಪೆಡಲ್, ಎದುರಿಗೆ ದೊಡ್ಡ ಪರದೆ. ರಸ್ತೆಗೆ ಇಳಿಯಲು ಹೆದರುವವರು ಮೊದಲು ಅದರಲ್ಲಿ ಕೂತು ಕಲಿಯಲಿ ಎಂದು. ಕೆಲವೇ ತಿಂಗಳಲ್ಲಿ ಅದರ ಕ್ಲಚ್ ಕೆಟ್ಟಿತು. ಮಾರಿದವರು ಫೋನು ಎತ್ತುವುದನ್ನು ನಿಲ್ಲಿಸಿದರು. ಮಾಲಕರಿಗೆ ಪರಿಚಯವಿದ್ದ ಅಕ್ಕಲಕೋಟೆಯ ಮಾಸ್ತರರೊಬ್ಬರು ಒಂದು ಭಾನುವಾರ ಬಂದು ನೋಡುತ್ತೇನೆ ಎಂದರು.

ತೆಳ್ಳನೆಯ ಮನುಷ್ಯ. ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಟೆಸ್ಟರ್. ಯಾರೊಂದಿಗೂ ಮಾತಾಡದೆ ನೆಲದ ಮೇಲೆ ಅಂಗಾತ ಮಲಗಿ ಪೆಡಲುಗಳ ಕೆಳಗೆ ತಲೆ ತೂರಿಸಿದರು. ಅರ್ಧ ಗಂಟೆಯ ಮೇಲೆ ಎದ್ದು ಕೈ ಒರೆಸಿಕೊಂಡು ಬೆರಳುಗಳನ್ನು ಮೂಸಿ ನೋಡಿದರು. ಯಾವ ಯಂತ್ರ ಮುಟ್ಟಿದರೂ ಹೀಗೆ ಬೆರಳು ಮೂಸುವುದು ಅವರ ಅಭ್ಯಾಸ, ಎಣ್ಣೆ ಸುಟ್ಟಿದೆಯೋ ಇಲ್ಲವೋ ಅದರಿಂದಲೇ ಗೊತ್ತಾಗುತ್ತದಂತೆ. ಇದರಲ್ಲಿ ಎಣ್ಣೆ ಎಲ್ಲಿಂದ ಬರಬೇಕು ಎಂದು ನನಗೆ ನಗು ಬಂತು. ಅವರು ನಗಲಿಲ್ಲ. ಕುರ್ಚಿಯಲ್ಲಿ ಕೂತು, ಪರದೆಯ ಮೇಲಿನ ಊರಿನ ರಸ್ತೆಯಲ್ಲಿ ಹತ್ತು ನಿಮಿಷ ಕಾರು ನಡೆಸಿದರು. ಆಟೋ ಅಡ್ಡ ಬಂದವು, ದನ ಬಂದವು, ಸಿಗ್ನಲ್ ಬಿದ್ದವು. ಅವರು ಬ್ರೇಕನ್ನು ಸರಿಯಾಗಿ ಒತ್ತಿದ್ದು ಎರಡೇ ಸಲ. ಉಳಿದದ್ದೆಲ್ಲ ಎಕ್ಸಿಲರೇಟರಿನಿಂದ ಕಾಲು ತೆಗೆದೇ ನಿಭಾಯಿಸಿದರು.

ಇಷ್ಟು ಮೆತ್ತಗೆ ಗಾಡಿ ಹೊಡೆಯುವವರನ್ನು ನಾನು ನೋಡಿಲ್ಲ ಎಂದು ಮರಾಠಿಯಲ್ಲೇ ಹೇಳಿದೆ. ನನ್ನ ಮರಾಠಿ ಕೇಳಿ ಅವರು ಯಾವ ಊರು ಎಂದು ಕೇಳಿದರು. ದುಧನಿ ಎಂದದ್ದೇ ತಡ, ಅವರ ಮಾತೂ ಮುಖವೂ ಬದಲಾದವು.

"ಮತ್ತ ಇಷ್ಟೊತ್ತನಕ ಯಾಕ ಮರಾಠಿ ಹೊಡೀಲಿಕತ್ತಿದ್ದಿ? ಕೇಳಿಲ್ಲಿ ತಂಗಿ. ಬ್ರೇಕ್ ಒತ್ತಿದಿ ಅಂದ್ರ, ಅಷ್ಟೊತ್ತನಕ ಸುಟ್ಟ ಎಣ್ಣಿ ದಂಡ ಆತು ಅಂತ ತಿಳಕೊ."

ನನ್ನ ಹತ್ತಿರ ಕಲಿಯಲು ಬರುವ ಹೆಂಗಸರಿಗೆ ಈ ಮಾತನ್ನು ನಾನು ಇವತ್ತಿಗೂ ಹೇಳುತ್ತೇನೆ. ಯಾರು ಹೇಳಿದ್ದು ಎಂದು ಮಾತ್ರ ಈಗ ಹೇಳುವುದಿಲ್ಲ.

ಆ ಸಿಮ್ಯುಲೇಟರಿನಲ್ಲಿ ರೇಸಿನ ಆಟ ಹಾಕಿದವನು ನಿಖಿಲ್. ನಮ್ಮ ಪಕ್ಕದ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ, ಇಪ್ಪತ್ತಾರು ವಯಸ್ಸು, ಮರಾಠಿಯವನು. ನನ್ನನ್ನು ತಾಈ, ಅಂದರೆ ಅಕ್ಕ, ಎನ್ನುತ್ತಿದ್ದ. ಆ ಆಟದಲ್ಲಿ ಪರದೆಯ ಮೇಲೆ ಓಡುವುದು ಬೊಂಬೆ ಕಾರುಗಳಾದರೂ ಅವುಗಳನ್ನು ಓಡಿಸುವವರು ನಿಜವಾದ ಜನ. ಒಬ್ಬ ಚೆನ್ನೈಯಲ್ಲಿ, ಒಬ್ಬ ಕೊಚ್ಚಿಯಲ್ಲಿ, ಒಬ್ಬ ದುಬೈಯಲ್ಲಿ, ಅವರವರ ಮನೆಯಲ್ಲೇ ಕೂತು ಇಂಟರ್ನೆಟ್ಟಿನ ಮೂಲಕ ಒಂದೇ ರೇಸಿನಲ್ಲಿ ಓಡುತ್ತಾರೆ. ನಿಖಿಲ್ ಸೇರಿಕೊಂಡದ್ದು ದೂರದ ರೇಸುಗಳಿಗೆ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಶುರುವಾದರೆ ಸಂಜೆ ಐದರವರೆಗೆ ಆರು ಗಂಟೆ. ಒಂದು ಕಾರಿಗೆ ಇಬ್ಬರು ಡ್ರೈವರ್‌ಗಳು, ಪಾಳಿ ಪ್ರಕಾರ ಓಡಿಸಬೇಕು. ಅವನಿಗೆ ಒಬ್ಬ ಜೊತೆಗಾರ ಬೇಕಿತ್ತು. ಮಾಲಕರು ರಜಾ ದಿನ ಕೋಣೆ ಬಳಸಿಕೊಳ್ಳಿ ಎಂದರು. ಮನೆಯಲ್ಲಿ ಕೇಳಿದಾಗ ಗಂಡ ನಕ್ಕು, ವಾರವೆಲ್ಲ ಬೇರೆಯವರ ಕೈಗೆ ಸ್ಟೀರಿಂಗ್ ಕೊಡುತ್ತೀ, ಒಂದು ದಿನ ನೀನೇ ಹಿಡಿ ಎಂದರು.

ಕ್ಲಚ್ ಹೇಗಿದೆ ಎಂದು ನೋಡಲು ಮುಂದಿನ ಸಲ ಬಂದಾಗ ಸರ್ ಈ ಆಟ ನೋಡಿದರು. ವೇಗ ಅವರಿಗೆ ರುಚಿಸಲಿಲ್ಲ. ಅವರ ಕಣ್ಣು ಬಿದ್ದದ್ದು ಪರದೆಯ ಮೂಲೆಯಲ್ಲಿದ್ದ ಸಣ್ಣ ಅಂಕಿಯ ಮೇಲೆ. ಒಂದು ಸುತ್ತಿಗೆ ಎಷ್ಟು ಪೆಟ್ರೋಲ್ ಖರ್ಚಾಯಿತು ಎಂದು ಅದು ತೋರಿಸುತ್ತದೆ. ಇದು ಖರೆ ಲೆಕ್ಕವೋ ಸುಮ್ಮನೆ ಇಟ್ಟಿದ್ದೋ ಎಂದು ಕೇಳಿದರು. ಖರೆ ಎಂದ ನಿಖಿಲ್. ಟಾಕಿ ಬರಿದಾದರೆ ಕಾರು ದಾರಿಯಲ್ಲೇ ನಿಲ್ಲುತ್ತದೆ, ಅದಕ್ಕೇ ನಡುನಡುವೆ ಪಿಟ್‌ಗೆ ಬಂದು ಪೆಟ್ರೋಲ್ ತುಂಬಿಸಬೇಕು, ಟಯರ್ ಬದಲಿಸಬೇಕು, ಡ್ರೈವರ್ ಬದಲಾಗಬೇಕು. ಒಂದು ಸಲ ಪಿಟ್‌ಗೆ ಬಂದು ಹೋದರೆ ಒಂದು ನಿಮಿಷ ಹೋಯಿತು. ಸರ್ ಕುರ್ಚಿ ಎಳೆದುಕೊಂಡು ಪರದೆಯ ಪಕ್ಕ ಕೂತರು. ಆ ಭಾನುವಾರದಿಂದ ಮೂರು ವರ್ಷ, ರೇಸ್ ಇದ್ದ ಒಂದು ಭಾನುವಾರವನ್ನೂ ಅವರು ತಪ್ಪಿಸಲಿಲ್ಲ. ನಮ್ಮ ತಂಡದ ಲೆಕ್ಕವೆಲ್ಲ ಅವರದೇ ಆಯಿತು.

ಅವರ ಲೆಕ್ಕವನ್ನು ಇಲ್ಲಿ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆರು ಗಂಟೆಯಲ್ಲಿ ಹತ್ತಿರಹತ್ತಿರ ನೂರಾ ಎಂಬತ್ತು ಸುತ್ತು. ಟಾಕಿ ನೂರು ಲೀಟರಿನದು. ಕಾಲು ಒತ್ತಿಹಿಡಿದು ಓಡಿಸಿದರೆ ಸುತ್ತಿಗೆ ಮೂರು ಪಾಯಿಂಟ್ ನಾಲ್ಕು ಲೀಟರ್ ಹೋಗುತ್ತದೆ, ಇಪ್ಪತ್ತೊಂಬತ್ತು ಸುತ್ತಿಗೆ ಟಾಕಿ ಖಾಲಿ. ಎಲ್ಲರೂ ಹೀಗೇ ಓಡಿಸುತ್ತಿದ್ದರು, ಆರು ಸಲ ಪಿಟ್‌ಗೆ ಬರುತ್ತಿದ್ದರು. ಮೂರು ಪಾಯಿಂಟ್ ಎರಡರಲ್ಲಿ ಓಡಿಸಿದರೆ ಮೂವತ್ತೊಂದು ಸುತ್ತು ಸಿಗುತ್ತದೆ. ಅಷ್ಟು ಉಳಿಸಿದವರಿಗೆ ಐದೇ ಸಲ ಪಿಟ್. ಸುತ್ತಿಗೆ ಒಂದು ಲೋಟ ಪೆಟ್ರೋಲ್ ಉಳಿಸಿದರೆ ಸಂಜೆಗೆ ಒಂದು ನಿಮಿಷ ಕೈಯಲ್ಲಿ ಉಳಿಯುತ್ತದೆ. ಬದಲಿಗೆ ಪ್ರತಿ ಸುತ್ತೂ ಒಂದಿಷ್ಟು ನಿಧಾನವಾಗುತ್ತದೆ, ಅರ್ಧ ಸೆಕೆಂಡಿಗಿಂತ ಕಡಿಮೆ.

ಉಳಿಸುವುದು ಹೇಗೆ? ತಿರುವು ಬರುವ ಮೊದಲೇ, ಬ್ರೇಕ್ ಒತ್ತುವ ಜಾಗಕ್ಕಿಂತ ಎಷ್ಟೋ ಹಿಂದೆ, ಎಕ್ಸಿಲರೇಟರಿನಿಂದ ಕಾಲು ಎತ್ತಿಬಿಡಬೇಕು. ಕಾರು ತಾನಾಗಿ ತೇಲಿಕೊಂಡು ಬರುತ್ತದೆ. ಬರೆದಷ್ಟು ಸುಲಭವಲ್ಲ. ಪಕ್ಕದಲ್ಲಿ ಇನ್ನೊಬ್ಬ ಸದ್ದು ಮಾಡಿಕೊಂಡು ನುಗ್ಗುವಾಗ ಕಾಲು ಎತ್ತಲು ಮನಸ್ಸು ಒಪ್ಪುವುದಿಲ್ಲ. ನಾನು ಎತ್ತುತ್ತಿರಲಿಲ್ಲ.

ಅದಕ್ಕೆ ಸರ್ ಒಂದು ದಿನ ನನ್ನನ್ನು ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಕರೆದುಕೊಂಡು ಹೋದರು. ಡ್ರೈವರನ ಹಿಂದಿನ ಸೀಟು ಹಿಡಿದು, ಕಣ್ಣು ಮುಚ್ಚಿಕೊ ಎಂದರು. ಇಂಜಿನಿನ ಸದ್ದು ಮಾತ್ರ ಕೇಳಬೇಕು. ವಳಸಂಗದ ನಿಲ್ದಾಣ ಇನ್ನೂ ಕಾಣದಷ್ಟು ದೂರದಲ್ಲಿರುವಾಗ ಸದ್ದು ಇಳಿಯಿತು. "ಬಿಟ್ಟ ನೋಡು," ಎಂದರು ಸರ್, ಕಿವಿಯ ಹತ್ತಿರ. ಬಸ್ಸು ಸಂತೆಯಿಂದ ಮರಳುವವರ ಹಾಗೆ ಆರಾಮಾಗಿ ಸಾಗಿ, ನಿಲ್ದಾಣದಲ್ಲಿ ಒಂದೇ ಸಲ ಉಸಿರುಬಿಟ್ಟು ನಿಂತಿತು. ಅಕ್ಕಲಕೋಟೆ ತಲುಪುವಷ್ಟರಲ್ಲಿ ಕಣ್ಣು ಮುಚ್ಚಿದ್ದರೂ ಡ್ರೈವರ್ ಎಲ್ಲಿ ಕಾಲು ತೆಗೆಯುತ್ತಾನೆ ಎಂದು ನಾನೇ ಹೇಳುತ್ತಿದ್ದೆ. ಇಳಿಯುವಾಗ ಸರ್ ಆ ಡ್ರೈವರನಿಗೆ ಕೈ ಮುಗಿದರು. ಅವನಿಗೆ ಯಾಕೆಂದು ತಿಳಿಯಲಿಲ್ಲ.

ಮುಂದಿನ ರೇಸಿನಲ್ಲಿ ನನ್ನ ಕಾಲು ಎದ್ದಿತು. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಅವರ ದನಿ ಬರುತ್ತಿತ್ತು. "ಬಿಡು... ಬಿಡು... ಈಗ ಒತ್ತು." ನಿಖಿಲನ ಜೊತೆ ಮರಾಠಿ, ನನ್ನ ಜೊತೆ ಕನ್ನಡ. ದಿನವಿಡೀ ಮರಾಠಿಯಲ್ಲಿ ಬದುಕುವ ನನಗೆ ಅಪ್ಪನ ಮನೆಯ ಮಾತು ಕಿವಿಯೊಳಗೇ ಕೂತು ದಾರಿ ತೋರಿಸುತ್ತಿದೆ ಎನಿಸುತ್ತಿತ್ತು. ಅವರು ಹೇಳಿದ್ದನ್ನು ಪರೀಕ್ಷಿಸಿ ನೋಡಬೇಕು ಎಂದು ಒಂದು ದಿನವೂ ಅನಿಸಲಿಲ್ಲ.

ಅವರಿಗೆ ಒಂದು ಪದ್ಧತಿ ಇತ್ತು. ಪ್ರತಿ ಪಾಳಿಗೆ ಮೊದಲು ಒಂದು ಚಿಕ್ಕ ಚೀಟಿಯಲ್ಲಿ ಅಂಕಿ ಬರೆದು, ಪರದೆಯ ಕೆಳಗಿನ ಅಂಚಿಗೆ ಅಂಟಿಸುತ್ತಿದ್ದರು. ನನ್ನ ಚೀಟಿಯಲ್ಲಿ ಯಾವಾಗಲೂ 3.2. ಪಾಳಿ ಮುಗಿಯುತ್ತಲೇ ಚೀಟಿ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ನಿಖಿಲ್ ಕೂತಾಗ ನಾನು ಆ ಕೋಣೆಯಲ್ಲಿ ಇರುತ್ತಿದ್ದದ್ದು ಕಡಿಮೆ. ಒಂದು ಗಂಟೆ ಸಿಕ್ಕಿತೆಂದು ಮನೆಗೆ ಓಡಿ ಮಗಳಿಗೆ ಊಟ ಬಡಿಸಿ, ಪಾತ್ರೆ ತೊಳೆದಿಟ್ಟು ಬರುತ್ತಿದ್ದೆ. ನಾನು ಬರುವಷ್ಟರಲ್ಲಿ ನಿಖಿಲ್ ಇಪ್ಪತ್ತೊಂಬತ್ತನೇ ಸುತ್ತಿಗೇ ಪಿಟ್‌ಗೆ ಬರುತ್ತಿದ್ದ. ನಾನು ಮೂವತ್ತೊಂದು ಎಳೆಯುತ್ತಿದ್ದೆ. ಪ್ರತಿ ರೇಸಿನಲ್ಲೂ ಹೀಗೇ. ಒಮ್ಮೆ ಕೇಳಿದೆ, ಅವನಿಗೂ ಇದೇ ನಂಬರ್ ತಾನೇ ಎಂದು. ಸರ್ ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು:

"ಇಬ್ಬರಿಗೂ ಒಂದ. ಅವನ ಕಾಲು ಭಾರ ಅದ, ಏನ್ ಮಾಡೂದು. ನೀ ಇದ್ದೀ ಅಂತ ಗಾಡಿ ನಡದದ."

ನೀ ಇದ್ದೀ ಅಂತ ಗಾಡಿ ನಡೆದಿದೆ. ಈ ಮಾತನ್ನು ನಾನು ಮನೆಗೆ ಒಯ್ದು ಗಂಡನಿಗೆ ಹೇಳಿದೆ, ತವರಿಗೆ ಹೋದಾಗ ತಮ್ಮನಿಗೆ ಹೇಳಿದೆ.

ಸರ್ ಅಂದರೆ ಲೆಕ್ಕ ಮಾತ್ರ ಎಂದು ತಿಳಿಯಬಾರದು. ಅವರ ಡಬ್ಬಿಯಲ್ಲಿ ಶೇಂಗಾ ಚಟ್ನಿ, ಕಡಕ್ ಭಕ್ಕರಿ ಇರುತ್ತಿತ್ತು. ನಮಗಿಬ್ಬರಿಗೂ ಮುರಿದು ಕೊಟ್ಟ ಮೇಲೆಯೇ ತಿನ್ನುತ್ತಿದ್ದರು. ರೈಲ್ವೆ ಗೇಟು ಬಿದ್ದಾಗ ಸ್ಕೂಟರ್ ಆರಿಸದೆ ನಿಂತವರ ಹತ್ತಿರ ಹೋಗಿ, ತಾವೇ ಕೈ ಹಾಕಿ ಕೀಲಿ ತಿರುಗಿಸಿ ಬರುತ್ತಿದ್ದರು. ಒಬ್ಬ ಹೊಡೆಯಲು ಬಂದಿದ್ದನಂತೆ. ಇವರು ಅವನ ಗಾಡಿಯ ಹೊಗೆ ಮೂಸಿ, ಪ್ಲಗ್ ಹೋಗಿದೆ, ನಾಳೆ ಬಾ ಹಾಕಿಕೊಡುತ್ತೇನೆ ಎಂದರಂತೆ. ಅವನು ಬಂದನಂತೆ. ನನ್ನ ಮಗಳಿಗೆ ಭಿನ್ನರಾಶಿ ತಲೆಗೆ ಹತ್ತದಿದ್ದಾಗ ನಾಲ್ಕು ಭಾನುವಾರ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಪೆಟ್ರೋಲ್ ಟಾಕಿಯ ಚಿತ್ರ ಬರೆದೇ ಕಲಿಸಿದರು. ಇದೆಲ್ಲ ಸುಳ್ಳಾಗಿರಲಿಲ್ಲ. ಸುಳ್ಳಾಗಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

ಎರಡನೆಯ ವರ್ಷ ನಾವೊಂದು ರೇಸ್ ಗೆದ್ದೆವು. ಎಂಟನೆಯ ಜಾಗದಿಂದ ಹೊರಟಿದ್ದೆವು. ಐದು ತಾಸು ಓಡಿದ ಮೇಲೂ ನಾಲ್ಕನೆಯವರೇ. ಆ ರೇಸಿನಲ್ಲಿ ಸರ್ ಇನ್ನೊಂದು ಚಮತ್ಕಾರ ಮಾಡಿದ್ದರು. ಪಿಟ್‌ನಲ್ಲಿ ಟಯರ್ ಬದಲಿಸಲು ಹಿಡಿಯುವ ಹೊತ್ತಿನಲ್ಲೇ ಪೆಟ್ರೋಲೂ ಬೀಳುತ್ತಿರುತ್ತದೆ. ಕೊನೆಯ ನಿಲುಗಡೆಯಲ್ಲಿ ಟಯರ್ ಕೆಲಸ ಮುಗಿಯುವಷ್ಟರಲ್ಲಿ ಎಷ್ಟು ಬಿತ್ತೋ ಅಷ್ಟೇ ಸಾಕು, ಒಂದು ಸೆಕೆಂಡ್ ಹೆಚ್ಚು ನಿಲ್ಲಬೇಡ ಎಂದರು. ಉಳಿದದ್ದನ್ನು ನಾನು ಕಾಲಿನಲ್ಲಿ ಉಳಿಸಬೇಕು. ಕೊನೆಯ ಹದಿನೈದು ನಿಮಿಷ ಇರುವಾಗ ಮುಂದಿದ್ದ ಮೂರೂ ಕಾರುಗಳು ಒಂದೊಂದಾಗಿ ಪಿಟ್‌ಗೆ ಹೊರಳಿದವು. ನಾನು ನೇರ ಹೋದೆ. ಮುಗಿದಾಗ ಟಾಕಿಯಲ್ಲಿ ಅರ್ಧ ಲೀಟರೂ ಇರಲಿಲ್ಲ. ನಿಖಿಲ್ ಕುಣಿದ. ಸರ್ ಕುಣಿಯಲಿಲ್ಲ, ಹೊರಗೆ ಹೋಗಿ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ನಾನು ಹೋದಾಗ ಅವರ ಕಣ್ಣು ಒದ್ದೆಯಾಗಿದ್ದವು.

ಮೂರನೆಯ ವರ್ಷ ಪುಣೆಯ ಒಂದು ತಂಡದವರು ನಮ್ಮನ್ನು ಗಮನಿಸಿದರು. ಅವರು ಡ್ರೈವರುಗಳನ್ನು ಸಂಬಳಕ್ಕೆ ಇಟ್ಟುಕೊಂಡು ಇದೇ ಕೆಲಸ ಮಾಡುವವರು. ಚೆನ್ನಾಗಿ ಓಡಿಸಿದವರಿಗೆ ಮುಂದಿನ ವರ್ಷ ನಿಜವಾದ ರೇಸ್ ಕಾರಿನಲ್ಲಿ ಕೂರುವ ಅವಕಾಶವೂ ಇತ್ತು. ಒಬ್ಬರೇ ಬೇಕಿತ್ತು. ಮುಂದಿನ ಎರಡು ರೇಸುಗಳಲ್ಲಿ ಇಬ್ಬರ ಸುತ್ತಿನ ಸರಾಸರಿ ಸಮಯ ಕಳಿಸಿ, ಜೊತೆಗೆ ನಿಮ್ಮ ಅಭಿಪ್ರಾಯವನ್ನೂ ಬರೆಯಿರಿ ಎಂದು ಸರ್‌ಗೆ ಕೇಳಿದ್ದರು. ಸರ್ ನಮ್ಮಿಬ್ಬರನ್ನೂ ಕೂರಿಸಿಕೊಂಡು, ಇಬ್ಬರೂ ಒಂದೇ ನಂಬರಿಗೆ ಓಡಿಸಿ, ಯಾರು ಜಲ್ದಿ ಇರುತ್ತಾರೋ ಅವರು ಹೋಗಲಿ, ನಾನು ನಡುವೆ ಬರುವುದಿಲ್ಲ ಎಂದರು.

ನಾನು ಮನೆಯಲ್ಲಿ ಹೇಳಿದೆ. ಗಂಡ ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ, ಪುಣೆಯಲ್ಲಿ ತಂಗಿ ಇದ್ದಾಳಲ್ಲ, ಅಲ್ಲೂ ಪ್ಯಾಕಿಂಗ್ ಕೆಲಸ ಸಿಗುತ್ತದೆ, ನೋಡೋಣ ಎಂದರು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ನನಗಾಗಿ ಊರು ಬಿಡುವ ಮಾತು ಅದೇ ಮೊದಲು. ನಾನು ಮಗಳ ಶಾಲೆಗೆ ಹೋಗಿ ದಾಖಲೆ ಬದಲಿಸಲು ಏನೇನು ಬೇಕು ಎಂದೂ ಕೇಳಿ ಬಂದೆ.

ಎರಡೂ ರೇಸುಗಳಲ್ಲಿ ನನ್ನ ಪರದೆಯ ಕೆಳಗೆ 3.2 ಇತ್ತು. ಎರಡರಲ್ಲೂ ನಾನು ಆ ನಂಬರ್ ಮುಟ್ಟಿದೆ. ಪುಣೆಯವರು ನಿಖಿಲನನ್ನು ಆರಿಸಿದರು. ನನ್ನ ಬಗ್ಗೆ ತಾವು ಪುಣೆಗೆ ಬರೆದ ಒಂದು ಸಾಲನ್ನು ಸರ್ ನನಗೆ ಓದಿ ಹೇಳಿದರು. ಭರವಸೆಯ ಡ್ರೈವರ್, ಆದರೆ ವೇಗ ಸ್ವಲ್ಪ ಕಡಿಮೆ. ನಾನು ತಲೆ ಆಡಿಸಿದೆ. ನಿಖಿಲನಿಗೆ ಪೇಢೆ ತಿನ್ನಿಸಿದೆ. ಮನೆಗೆ ಹೋಗಿ ಗಂಡನಿಗೆ ಹೇಳಿದಾಗ ಅವರು, ಬಿಡು, ಇಲ್ಲೇ ಚೆನ್ನಾಗಿದ್ದೇವಲ್ಲ ಎಂದರು. ಅದು ಅವರು ನನಗಾಗಿ ಹೇಳಿದ ಮಾತು ಎಂದು ಗೊತ್ತಿತ್ತು.

ಎಲ್ಲಿ ನಿಧಾನ ಎಂದು ತಿಳಿದುಕೊಳ್ಳುವ ಹಟ ಹುಟ್ಟಿತು. ಸಿಮ್ಯುಲೇಟರಿನ ಕಂಪ್ಯೂಟರಿನಲ್ಲಿ ಎಲ್ಲ ರೇಸುಗಳ ದಾಖಲೆ ತಾನಾಗಿ ಉಳಿದಿರುತ್ತದೆ. ಯಾವ ಕ್ಷಣದಲ್ಲಿ ಕಾಲು ಎಷ್ಟು ಒತ್ತಿತ್ತು, ಎಷ್ಟು ಪೆಟ್ರೋಲ್ ಹೋಯಿತು, ಎಲ್ಲ. ಅಲ್ಲಿಯವರೆಗೆ ನಾನು ಅದನ್ನು ತೆಗೆದು ನೋಡಿರಲಿಲ್ಲ, ಅದು ಸರ್ ಕೆಲಸ. ವಿದ್ಯಾರ್ಥಿಗಳಿಲ್ಲದ ಒಂದು ಮಧ್ಯಾಹ್ನ ಗ್ರಾಫಿನಲ್ಲಿ ನನ್ನ ಗೆರೆಯನ್ನೂ ನಿಖಿಲನ ಗೆರೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿದೆ. ತಿರುವುಗಳಲ್ಲಿ ನಾನು ಅವನಿಗಿಂತ ಹಿಂದೆ ಇರಲಿಲ್ಲ. ನನ್ನ ಸಮಯವೆಲ್ಲ ಹೋದದ್ದು ನೇರ ದಾರಿಯ ಕೊನೆಯಲ್ಲಿ, ನಾನು ಕಾಲು ಎತ್ತುವ ಜಾಗದಲ್ಲಿ. ಅಲ್ಲಿ ನಿಖಿಲನ ಕಾಲು ಎದ್ದೇ ಇರಲಿಲ್ಲ. ಒಂದು ಸುತ್ತಿನಲ್ಲೂ ಇಲ್ಲ. ಹಿಂದಿನ ರೇಸುಗಳನ್ನು ತೆಗೆದೆ. ಎಲ್ಲೂ ಇಲ್ಲ. ಕಾಲು ಭಾರವಿರುವವನು ಪ್ರಯತ್ನಪಟ್ಟು ಸೋಲುತ್ತಾನೆ, ಒಮ್ಮೊಮ್ಮೆಯಾದರೂ ಎತ್ತುತ್ತಾನೆ. ಇವನು ಪ್ರಯತ್ನವನ್ನೇ ಮಾಡಿರಲಿಲ್ಲ.

ನನಗೆ ಸಿಟ್ಟು ಬಂದದ್ದು ನಿಖಿಲನ ಮೇಲೆ. ಸರ್ ಮಾತನ್ನು ಹೀಗೆ ಕಾಲಕಸ ಮಾಡಿದನಲ್ಲ ಎಂದು ಸರ್ ಪರವಾಗಿ ಸಿಟ್ಟು. ಗೆರೆಗಳನ್ನು ಪ್ರಿಂಟ್ ತೆಗೆಸಿಕೊಂಡು ಶನಿವಾರ ಬೆಳಗಿನ ಬಸ್ಸಿಗೆ ಅಕ್ಕಲಕೋಟೆಗೆ ಹೋದೆ.

ಸರ್ ಹೆಂಡತಿ ಚಹಾ ಕೊಟ್ಟು ಒಳಗೆ ಹೋದರು. ನಾನು ಹಾಳೆಗಳನ್ನು ನೆಲದ ಮೇಲೆ ಹರಡಿದೆ. ಮೂರು ವರ್ಷ ನಿಖಿಲ್ ನಿಮಗೆ ಮೋಸ ಮಾಡಿದ್ದಾನೆ, ನೀವು ಕೊಟ್ಟ ನಂಬರನ್ನು ಒಂದು ದಿನವೂ ಹಿಡಿದಿಲ್ಲ, ಪುಣೆಯವರಿಗೆ ಇದನ್ನು ತಿಳಿಸಬೇಕು ಎಂದೆಲ್ಲ ಹೇಳಿದೆ. ಬಹಳ ಹೊತ್ತು ಮಾತಾಡಿದೆ ಎನಿಸುತ್ತದೆ. ಅವರು ತಡೆಯಲಿಲ್ಲ. ಹಾಳೆಗಳನ್ನೇ ನೋಡುತ್ತಿದ್ದರು, ನನ್ನ ಮುಖ ನೋಡಲಿಲ್ಲ. ನಾನು ಮುಗಿಸಿದ ಮೇಲೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಅವ ನನ್ನ ಮಾತು ಮೀರಿಲ್ಲ ತಂಗಿ. ಅವನ ಚೀಟಿ ಬ್ಯಾರೆ ಇತ್ತು."

ನನಗೆ ಅರ್ಥವಾಗಲಿಲ್ಲ.

"ಅವಗ ಮೂರು ಪಾಯಿಂಟ್ ನಾಕು ಬರದು ಕೊಡತಿದ್ದೆ."

ಆಮೇಲೆ ಅವರು ವಿವರಿಸಿದರು, ತರಗತಿಯಲ್ಲಿ ವಿವರಿಸಿದ ಹಾಗೆ ನಿಧಾನವಾಗಿ. ಇಬ್ಬರೂ ಜೋರಾಗಿ ಓಡಿಸಿದರೆ ಒಂದು ಪಿಟ್ ಹೆಚ್ಚಾಗುತ್ತದೆ. ಇಬ್ಬರೂ ಉಳಿಸಿದರೆ ಮುಂದಿನವರು ಕೈಗೆ ಸಿಗದಷ್ಟು ದೂರ ಹೋಗುತ್ತಾರೆ. ಒಬ್ಬರು ಉಳಿಸಬೇಕು, ಇನ್ನೊಬ್ಬರು ಅದನ್ನು ಖರ್ಚು ಮಾಡಿ ಓಡಬೇಕು. ಅವನು ಮೂರು ಪಾಳಿಯಲ್ಲಿ ಇಪ್ಪತ್ತೊಂಬತ್ತರಂತೆ, ನಾನು ಮೂರು ಪಾಳಿಯಲ್ಲಿ ಮೂವತ್ತೊಂದರಂತೆ. ಕೂಡಿಸಿದರೆ ಸರಿಯಾಗಿ ನೂರಾ ಎಂಬತ್ತು. ನನ್ನ ಕಾಲು ಮಾತು ಕೇಳುತ್ತದೆ, ಅವನದು ಕೇಳುವುದಿಲ್ಲ, ಅದಕ್ಕೆ ಹೀಗೆ ಹಂಚಿದೆ ಎಂದರು. ಲೆಕ್ಕ ಸರಿಯಾಗಿಯೇ ಇತ್ತು. ಗೆದ್ದದ್ದೂ ಅದರಿಂದಲೇ.

ಪುಣೆಯವರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಆ ಎರಡು ರೇಸಿನಲ್ಲಾದರೂ ಯಾಕೆ ಒಂದೇ ನಂಬರ್ ಕೊಡಲಿಲ್ಲ ಎಂದು ಕೇಳಿದೆ.

"ನೀ ಹೋಗಾಕಿ ಅಲ್ಲಲ್ಲ. ಮನಿ ಅದ, ಮಗಳು ಅದಾಳ, ನಿಮ್ಮನಿಯವರ ಕೆಲಸ ಇಲ್ಲೇ ಅದ. ಅವ ಒಬ್ಬಂವ, ಅವ ಹೋಗ್ತಾನ. ಒಂದ ಜಾಗಾ ಇಬ್ಬರ ನಡುವ ಹಂಚಿ ಇಬ್ಬರದೂ ಕೆಡಸೂದು ಯಾಕ ಅಂತ ಅಂದೆ."

"ನಮ್ಮನಿಯವ್ರು ಹೂಂ ಅಂದಿದ್ರು ಸರ್."

ಅವರು ಆಗ ಮೊದಲ ಸಲ ತಲೆ ಎತ್ತಿದರು.

"ನೀ ಹೇಳಲಿಲ್ಲ."

"ನೀವು ಕೇಳಲಿಲ್ಲ."

ನಾನು ಹಾಳೆಗಳನ್ನು ಒಂದೊಂದಾಗಿ ಎತ್ತಿಕೊಂಡೆ. ಬಾಗಿಲವರೆಗೆ ಹೋದವಳು ತಿರುಗಿ ಇಷ್ಟು ಹೇಳಿದೆ:

"ಉಳಸು ಅಂದಿದ್ರ ಉಳಸ್ತಿದ್ದೆ ಸರ್. ಅವಗ ಮೂರು ನಾಕು, ನಿನಗ ಮೂರು ಎರಡು ಅಂತ ಮುಖದ ಮ್ಯಾಲ ಹೇಳಿದ್ರೂ ಉಳಸ್ತಿದ್ದೆ."

ವಾಪಸು ಬಸ್ಸಿನಲ್ಲಿ ನಿಖಿಲನಿಗೆ ಫೋನು ಮಾಡಿದೆ. ಇಬ್ಬರ ಚೀಟಿ ಬೇರೆ ಎಂದು ನಿಮಗೆ ಗೊತ್ತಿದೆ ಎಂದೇ ತಿಳಿದಿದ್ದೆ ತಾಈ, ನೀವೇ ಒಪ್ಪಿಕೊಂಡಿದ್ದೀರಿ ಎಂದು ಸರ್ ಹೇಳಿದ್ದರು ಎಂದ. ಅವನು ಸುಳ್ಳು ಹೇಳಿದ ಎನಿಸಲಿಲ್ಲ. ಮೂರು ವರ್ಷ ಆ ಕೋಣೆಯಲ್ಲಿ ಮೂವರಿದ್ದೆವು, ಗೊತ್ತಿಲ್ಲದವಳು ನಾನೊಬ್ಬಳೇ.

ಮುಂದಿನ ವಾರ, ಬಿಸಿಲಿಗೆ ಯಾರೂ ಕಲಿಯಲು ಬಾರದ ಒಂದು ಮಧ್ಯಾಹ್ನ, ಸಿಮ್ಯುಲೇಟರ್ ಹಾಕಿದೆ. ಅದೇ ಕಾರು, ಅದೇ ದಾರಿ, ತುಂಬಿದ ಟಾಕಿ. ಪರದೆಯ ಕೆಳಗೆ ಚೀಟಿ ಇಲ್ಲ. ಎಕ್ಸಿಲರೇಟರನ್ನು ನೆಲಕ್ಕೆ ಒತ್ತಿದೆ, ಬ್ರೇಕ್ ಒತ್ತುವ ಜಾಗ ಬರುವವರೆಗೂ ಎತ್ತಲಿಲ್ಲ. ಮೊದಲ ಹತ್ತು ಸುತ್ತು ಕಾಲು ತಾನಾಗಿ ಮೇಲೇಳಲು ಹವಣಿಸುತ್ತಿತ್ತು, ಬಲವಂತದಿಂದ ಒತ್ತಿಹಿಡಿದೆ. ಇಪ್ಪತ್ತೊಂಬತ್ತು ಸುತ್ತು ಮುಗಿದವು. ಮೂವತ್ತನೆಯದರಲ್ಲಿ ಇಂಜಿನ್ ಕೆಮ್ಮಿ, ಕಾರು ಹುಲ್ಲಿನ ಮೇಲೆ ಹೋಗಿ ನಿಂತಿತು. ಸರಾಸರಿ ತೆಗೆದು ನೋಡಿದೆ. ನಿಖಿಲನದಕ್ಕಿಂತ ಕಡಿಮೆ ಸಮಯ. ಬಹಳ ಅಲ್ಲ, ಒಂದಿಷ್ಟೇ. ಯಾರಿಗೂ ತೋರಿಸಲಿಲ್ಲ, ಅಳಿಸಿಹಾಕಿದೆ.

ಆಮೇಲೆ ನಾನು ರೇಸ್ ಮಾಡಲಿಲ್ಲ. ಸರ್ ಎರಡು ಸಲ ಫೋನು ಮಾಡಿದರು, ಮಗಳ ಪರೀಕ್ಷೆ ಹೇಗಾಯಿತು ಎಂದು ಕೇಳಿದರು, ನಾನು ಚುಟುಕಾಗಿ ಉತ್ತರಿಸಿದೆ. ಮನಸ್ಸಿಗೆ ಒಂದು ಸಮಾಧಾನ ಹೇಳಿಕೊಂಡಿದ್ದೆ. ಸರ್ ನನ್ನನ್ನು ಒಮ್ಮೆಯೂ ಪೂರ್ತಿ ಓಡಲು ಬಿಡಲಿಲ್ಲ, ಹಾಗಿರುವಾಗ ನಾನು ಎಷ್ಟು ಜಲ್ದಿ ಎಂದು ಅವರಿಗಾದರೂ ಹೇಗೆ ಗೊತ್ತಾಗಬೇಕು? ನಿಧಾನ ಎಂದು ನಿಜವಾಗಿ ನಂಬಿಯೇ ಬರೆದಿದ್ದಾರೆ. ಅದು ತಿಳಿಯದೆ ಆದ ತಪ್ಪು. ಈ ಸಮಾಧಾನದ ಮೇಲೆಯೇ ಒಂದು ವರ್ಷ ಕಳೆಯಿತು. ಸಮಾರಂಭಕ್ಕೆ ಕರೆದಾಗ ಹೋಗಲು ಒಪ್ಪಿದ್ದೂ ಅದರಿಂದಲೇ.

ಪೆಂಡಾಲು ಹಾಕಿದ್ದರು. ಶಾಲು, ಹಾರ, ತೆಂಗಿನಕಾಯಿ. ನಿಖಿಲ್ ಪುಣೆಯಿಂದ ಬಂದಿದ್ದ, ತಂಡದ ಜಾಕೆಟ್ ಹಾಕಿಕೊಂಡು. ನನ್ನ ಹೆಸರು ಕೂಗಿದಾಗ ಮೈಕಿನ ಹತ್ತಿರ ಹೋಗಿ ಹಾಳೆ ಬಿಚ್ಚಿದೆ. ಮೊದಲ ಸಾಲಿನಲ್ಲೇ ಸರ್ ನನಗೆ ತಂದೆಯ ಸಮಾನ ಎಂದು ಬರೆದಿದ್ದೆ. ಅದನ್ನು ಓದಲು ಬಾಯಿ ಬರಲಿಲ್ಲ. ಸರ್ ನನಗೆ ಗಾಡಿಯ ಸದ್ದು ಕೇಳುವುದನ್ನು ಕಲಿಸಿದರು, ಅವರಿಗೆ ಒಳ್ಳೆಯದಾಗಲಿ ಎಂದು ಮರಾಠಿಯಲ್ಲಿ ಹೇಳಿ ಬಂದು ಕೂತೆ.

ಕೊನೆಗೆ ಸರ್ ಮಾತಾಡಿದರು. ಇಂಜಿನುಗಳ ಕತೆ, ಹಳೆಯ ವಿದ್ಯಾರ್ಥಿಗಳ ಕತೆ. ಜನ ನಕ್ಕರು. ಆಮೇಲೆ ನಮ್ಮ ರೇಸುಗಳ ಮಾತು ಬಂತು. ಮೂರು ವರ್ಷ ಒಂದು ಲೆಕ್ಕದ ವಹಿ ಇಟ್ಟಿದ್ದೆ ಎಂದರು. ಉಳಿಸಿದ ಪೆಟ್ರೋಲಿನ ಸಮಯವನ್ನು ಕಳೆದು, ಇಬ್ಬರೂ ಪೂರ್ತಿ ಒತ್ತಿ ಓಡಿಸಿದರೆ ಯಾರು ಮುಂದೆ ಎಂದು ಲೆಕ್ಕ ಹಾಕಿದ್ದರಂತೆ. ಕೈ ಎತ್ತಿ ನನ್ನ ಕಡೆ ತೋರಿಸಿ, ನಮ್ಮ ತಂಡದ ಎಲ್ಲರಿಗಿಂತ ವೇಗದ ಡ್ರೈವರ್ ಅಗೋ ಅಲ್ಲಿ ಕೂತಿದ್ದಾಳೆ ಎಂದರು. ಜನ ನನ್ನತ್ತ ತಿರುಗಿ ಚಪ್ಪಾಳೆ ತಟ್ಟಿದರು. ಅವರಿಗೆ ಅದು ನಿವೃತ್ತರಾಗುವ ಹಿರಿಯರೊಬ್ಬರು ಆಡಿದ ಪ್ರೀತಿಯ ಮಾತು. ನಿಖಿಲ್ ತನ್ನ ಬೂಟು ನೋಡುತ್ತಿದ್ದ. ನಾನು ನಗುಮುಖ ಮಾಡಿಕೊಂಡು ಎಲ್ಲರಿಗೂ ಕೈ ಮುಗಿದೆ.

ಊಟದ ಹೊತ್ತಿಗೆ ಅವರು ಹಾರ ತೆಗೆದಿಟ್ಟು ನಾನಿದ್ದಲ್ಲಿಗೆ ಬಂದರು. ಭಕ್ಕರಿ ಹಾಕಿಸಿಕೊಂಡೆಯಾ ಎಂದು ಕೇಳಿದರು. ಅವರ ಮುಖದಲ್ಲಿ, ಕೊಡಬೇಕಾದದ್ದನ್ನು ಕೊಟ್ಟೆ ಎನ್ನುವ ನಿರಾಳ ಇತ್ತು.

"ಆ ಲೆಕ್ಕ ಯಾವಾಗ ಹಾಕಿದ್ರಿ ಸರ್?"

ಈಚೆಗೆ ಎಂದು ಹೇಳಬಹುದಿತ್ತು. ಹೋದ ತಿಂಗಳು ಖಾಲಿ ಕೂತಾಗ ಎಂದಿದ್ದರೆ ನಾನು ನಂಬುತ್ತಿದ್ದೆ, ನಂಬಲು ಸಿದ್ಧಳಾಗಿಯೇ ಕೇಳಿದ್ದೆ. ಅವರು ಯೋಚಿಸಿ, ನಿಜವನ್ನೇ ಹೇಳಿದರು.

"ಮೊದಲನೇ ವರ್ಷ. ದೀಪಾವಳಿ ಮುಂದ."

ತಾಟು ಇಟ್ಟು ಕೈ ತೊಳೆದು ಬಂದೆ. ಹೊರಡುತ್ತೇನೆ ಎಂದೆ. ಅವರು ಎಂದಿನಂತೆ ಎರಡು ಹೆಜ್ಜೆ ಮುಂದೆ ಬಂದು, ಆಶೀರ್ವಾದಕ್ಕೆ ಕೈ ಅರ್ಧ ಎತ್ತಿ ನಿಂತರು. ಮೂರು ವರ್ಷ ಪ್ರತಿ ರೇಸಿಗೆ ಮೊದಲು ನಾನು ಅವರ ಕಾಲು ಮುಟ್ಟಿದ್ದೇನೆ. ಆ ದಿನ ನಿಂತಲ್ಲಿಂದಲೇ ನಮಸ್ಕಾರ ಸರ್ ಎಂದು ಹೇಳಿ, ಬಸ್ಸು ಹಿಡಿಯಲು ನಡೆದೆ.